ಮಡಿದವರ ನೃತ್ಯ

ಸೆರ್ಗೈ ಪ್ರೊಕೋಫಿಯೆವನ ‘ರೋಮಿಯೋ ಮತ್ತು ಜೂಲಿಯೆಟ್’ ನನಗೆ ಮೊದಲು ದೊರೆತದ್ದು ರಂಗದ ಮೇಲಲ್ಲ, ಗ್ರಾಮಫೋನಿನ ತಟ್ಟೆಯ ಮೇಲೆ. ಅದು ಇಡಿಯ ಕೃತಿಯೂ ಆಗಿರಲಿಲ್ಲ. ಅದರೊಳಗಿಂದ ಕರ್ತನೇ ಆಯ್ದು ಜೋಡಿಸಿದ್ದ ಎರಡನೆಯ ಗುಚ್ಛವಾಗಿದ್ದಿತು. ಮುಳ್ಳು ತಗುಲಿದ ಕೂಡಲೆ ಕಹಳೆಗಳೂ ತಮ್ಮಟೆಗಳೂ ಒಂದರ ಮೇಲೊಂದು ಏರಿ ಕಿವಿಗಡಚಿಕ್ಕುವ ಒಂದು ಕರ್ಕಶ ಧ್ವನಿಯಾದುವು. ಅದು ಥಟ್ಟನೆ ಕಡಿದು ಬಿದ್ದಲ್ಲಿ ಪಿಟೀಲುಗಳ ಮೆಲ್ದನಿಯೊಂದೇ, ಬೆದರಿದವನು ಉಸಿರನ್ನು ಬಿಗಿಹಿಡಿದಂತೆ, ಉಳಿದಿದ್ದಿತು. ವೆರೋನಾ ನಗರದ ಪ್ರಭುವು ಎರಡು ವೈರಿಮನೆತನಗಳಿಗೆ ವಿಧಿಸಿದ ಕಟ್ಟಾಜ್ಞೆಯದು. ಅದರ ಹಿಂದೆಯೇ ಶ್ರೀಮಂತರ ಗರ್ವದ ನಡಿಗೆ: ಮಂದ್ರಸ್ಥಾಯಿಯ ವಾದ್ಯಗಳು ನೆಲವನ್ನು ತುಳಿಯುತ್ತಿರಲು ಪಿಟೀಲುಗಳು ದೊಡ್ಡ ದೊಡ್ಡ ಅಂಗಗಳಲ್ಲಿ ಮೇಲೇರುವುವು, ಕೆಳಗಿಳಿಯುವುವು. ನಾನು ಅದನ್ನು ಒಂದೇ ರಾತ್ರಿಯಲ್ಲಿ ಮೂರು ಬಾರಿ ಹಾಕಿ ಕೇಳಿದೆನು. ಇಷ್ಟು ಸಂಪೂರ್ಣವಾದ ಸಂಗೀತಕ್ಕೆ ಕುಣಿತವೇಕೆ ಬೇಕು, ಬಣ್ಣದ ಪರದೆಯೇಕೆ ಬೇಕು ಎಂದು ಅಂದು ಎನಿಸಿತು. ಬಹುಕಾಲ ಹಾಗೆಯೇ ಎನಿಸುತ್ತಿದ್ದಿತು.

ಮೃದಂಗವನ್ನು ಬಲ್ಲ ಮಿತ್ರರೊಬ್ಬರು ನನಗಿದ್ದಾರೆ. ಅವರಿಗೆ ಈ ತಟ್ಟೆಯನ್ನು ಕೇಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ರಾಯರೆ, ಇದು ಕಾಲಿಗಾಗಿ ಬರೆದದ್ದು. ಬರಿಯ ಕಿವಿಯಿಂದ ಕೇಳಿ ಮುಗಿಯಿತೆನ್ನಬೇಡಿ” ಎಂದರು. ನಾನು ಒಪ್ಪಲಿಲ್ಲ. ಮುಂದೆ ಹಲವು ವರುಷ ನಮ್ಮಿಬ್ಬರಿಗೂ ಇದು ಸಂಜೆಯ ಜಗಳವಾಯಿತು.

ಯೂರೋಪಿನ ಬ್ಯಾಲೆಯು ನಮ್ಮ ನೃತ್ಯದಂತಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ನರ್ತಕಿಯ ಹಿಂದೆ ಹಾಡುವವರಿದ್ದಾರೆ, ಸಾಹಿತ್ಯವಿದೆ, ಒಂದು ಪದದ ಅರ್ಥವನ್ನು ಹಸ್ತಗಳೂ ಕಣ್ಣುಗಳೂ ಹತ್ತು ಬಗೆಯಾಗಿ ಬಿಡಿಸುತ್ತವೆ. ಯಕ್ಷಗಾನದಲ್ಲಿಯಂತೂ ಭಾಗವತರ ಪದವಿಲ್ಲದೆ ವೇಷವು ಹೆಜ್ಜೆಯನ್ನು ಕೀಳದು. ಬ್ಯಾಲೆಯಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಆದುದರಿಂದ ಷೇಕ್ಸ್‌ಪಿಯರನನ್ನು ಬ್ಯಾಲೆಗೆ ತರುವುದೆಂದರೆ, ಅವನಿಂದ ಮಾತುಗಳನ್ನೆಲ್ಲ ಕಿತ್ತುಕೊಂಡು, ಏನು ಉಳಿಯಿತು ನೋಡೋಣ ಎಂದು ಹೇಳಿದಂತೆ. ಕವಿಯ ಕೆಲಸವನ್ನೆಲ್ಲ ಸಂಗೀತಗಾರನೇ ಹೊರಬೇಕು. ದಾದಿಯ ಹರಟೆ, ಮರ್ಕ್ಯುಷಿಯೋವಿನ ಕುಚೋದ್ಯ, ಹದಿನಾಲ್ಕು ತುಂಬದ ಹುಡುಗಿಯ ಚಾಂಚಲ್ಯ, ಇವೆಲ್ಲವೂ ಸ್ವರಗಳಲ್ಲಿಯೇ ಮೂಡಬೇಕು. ಜೂಲಿಯೆಟ್ ಮೊದಲು ಕಾಣಿಸಿಕೊಳ್ಳುವಲ್ಲಿ ಪಿಟೀಲುಗಳು ಒಂದೇ ಉಸಿರಿಗೆ ಮೆಟ್ಟಿಲನ್ನು ಓಡಿ ಹತ್ತಿದಂತೆ ಹತ್ತುತ್ತವೆ. ತುಸು ಹೊತ್ತಿಗೆ ಕೊಳಲು ಒಂದು ನಿಡಿದಾದ ರಾಗವನ್ನು ಎತ್ತಿಕೊಳ್ಳುತ್ತದೆ. ಓಡುತ್ತಿದ್ದವಳು ತಾನಿನ್ನು ಹುಡುಗಿಯಲ್ಲವೆಂದು ಅರಿತು ನಿಂತಂತೆ ಅದು ಕೇಳಿಸುತ್ತದೆ. ಆ ಒಂದೆರಡು ನಿಮಿಷಗಳಲ್ಲಿ ಆಗಿಹೋಗುವುದನ್ನು ಹೇಳಲು ನನಗೆ ಇನ್ನೊಂದು ಪುಟ ಬೇಕಾದೀತು.

ಈ ಕೃತಿಯ ಯೋಚನೆ ಹುಟ್ಟಿದ್ದು ೧೯೩೪ರ ಕೊನೆಯಲ್ಲಿ. ಪ್ರೊಕೋಫಿಯೆವನು ೧೯೧೮ರಲ್ಲಿ ರಷ್ಯವನ್ನು ಬಿಟ್ಟು ಅಮೇರಿಕೆಯಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಬಾಳಿ, ಮತ್ತೆ ತಾಯ್ನಾಡಿನ ಕಡೆಗೆ ಮುಖಮಾಡಿದ್ದ ಕಾಲವದು. ರಾಡ್ಲೋವ್ ಎಂಬ ನಾಟಕನಿರ್ದೇಶಕನೂ ಪಿಯೋಟ್ರೋವ್‌ಸ್ಕಿ ಎಂಬ ವಿದ್ವಾಂಸನೂ ಕತೆಯನ್ನು ದೃಶ್ಯಗಳಾಗಿ ಹೊಂದಿಸಲು ಅವನೊಡನೆ ಕುಳಿತರು. ೧೯೩೫ರ ಬೇಸಗೆಯಲ್ಲಿ, ಓಕಾ ನದಿಯ ದಡದ ಪೊಲೆನೋವೋ ಎಂಬಲ್ಲಿ, ಮಾಸ್ಕೋವಿನ ಬೊಲ್ಷೋಯ್ ರಂಗಮಂದಿರದವರ ವಿಶ್ರಾಂತಿಗೃಹದಲ್ಲಿದ್ದುಕೊಂಡು ಅವನು ಸಂಗೀತವನ್ನು ಬರೆದನು. ಸೆಪ್ಟೆಂಬರಿನ ಹೊತ್ತಿಗೆ ಪಿಯಾನೋ ಪ್ರತಿಯು ಮುಗಿದಿದ್ದಿತು. ಅದನ್ನು ಬೊಲ್ಷೋಯ್ ಮಂದಿರದವರ ಮುಂದೆ ನುಡಿಸಿ ತೋರಿಸಿದಾಗ ಯಾರ ಮುಖವೂ ಅರಳಲಿಲ್ಲ. ಇದಕ್ಕೆ ಕುಣಿಯಲಾಗದು ಎಂಬುದೇ ತೀರ್ಪು, ಒಪ್ಪಂದವೂ ಮುರಿದುಬಿದ್ದಿತು.

ಆ ಮೊದಲ ಪ್ರತಿಯ ಕೊನೆಯ ಅಂಕವನ್ನು ಕೇಳಿದವರು ಇಂದೂ ಬೆರಗಾಗುತ್ತಾರೆ. ಅದರಲ್ಲಿ ರೋಮಿಯೋ ಒಂದು ನಿಮಿಷ ಮುಂಚಿತವಾಗಿ ಬರುತ್ತಾನೆ; ಜೂಲಿಯೆಟ್ ಬದುಕಿರುವುದನ್ನು ಕಾಣುತ್ತಾನೆ; ಇಬ್ಬರೂ ಬಾಳುತ್ತಾರೆ! ಪ್ರೊಕೋಫಿಯೆವನು ತನ್ನ ಆತ್ಮಕಥನದಲ್ಲಿ ಕೊಡುವ ಕಾರಣ ನೃತ್ಯಕ್ಕೆ ಸೇರಿದ್ದು. ಬದುಕಿರುವವರು ಕುಣಿಯಬಲ್ಲರು, ಸಾಯುತ್ತ ಮಲಗಿದವರು ಕುಣಿಯಲಾರರು. ಆದುದರಿಂದ ಅವರನ್ನು ಬದುಕಿಸಬೇಕಾಯಿತೆಂಬುದು ಅದರ ತಾತ್ಪರ್ಯ. ಇಷ್ಟೇ ಕಾರಣವಾಗಿರಲಾರದೆಂದು ಎಣಿಸುವ ವಿದ್ವಾಂಸರೂ ಇದ್ದಾರೆ. ಅವನು ೧೯೨೪ರಿಂದ ಕ್ರಿಶ್ಚಿಯನ್ ಸೈನ್ಸ್ ಎಂಬ ಪಂಥವನ್ನು ನೆಚ್ಚಿದ್ದವನು. ರೋಗವೂ ಮರಣವೂ ಮಿಥ್ಯೆಯೆಂದು ಹೇಳುವ ಪಂಥವದು. ಆ ನಂಬುಗೆಯವನಿಗೆ ಗೋರಿಯೊಳಗಿನ ಸಾವು ಸುಳ್ಳಾಗಿ ತೋರಿದ್ದರೆ ನಮಗೆ ಆಶ್ಚರ್ಯವಾಗಬಾರದು.

ಇದನ್ನು ಓದಿದ ದಿನ ನಾನು ನಕ್ಕೆನು. ನಗುವಾಗಲೇ ನಮ್ಮ ಮನೆಯ ಮಾತೂ ನೆನಪಾಯಿತು. ಕಳೆದ ಶತಮಾನದ ಹಿಂದಿನ ಶತಮಾನದ ಕೊನೆಗೆ ಆನಂದರಾಯರು ಇದೇ ನಾಟಕವನ್ನು ‘ರಾಮವರ್ಮ ಲೀಲಾವತಿ’ ಎಂದು ಕನ್ನಡಿಸಿದಾಗ, ಮಡಿದ ಪ್ರೇಮಿಗಳನ್ನು ದೇವರ ಅನುಗ್ರಹದಿಂದ ಎಬ್ಬಿಸಿ ನಿಲ್ಲಿಸಿದರು. ನಾಂದಿಯಿಂದ ಮೊದಲಾಗಿ ಭರತವಾಕ್ಯದಿಂದ ಮುಗಿಯುವ ನಾಟಕಗಳಲ್ಲಿ ಬೆಳೆದ ಸಭಿಕರು ಹೆಣಗಳ ಮುಂದೆ ಪರದೆಯಿಳಿದರೆ ಮನೆಗೆ ಹೇಗೆ ಹೋದಾರು? ರುದ್ರನಾಟಕದ ಅರಿವು ನಮಗೆ ಬಂದ ಮೇಲೆ ನಾವು ಓದಿದವರೆಲ್ಲ ಅಂಥ ಮಂಗಳಾಂತ್ಯಗಳನ್ನು ಎಳಸಾದ ಅಭಿರುಚಿಯ ಗುರುತೆಂದು ತಳ್ಳಿಹಾಕಿದೆವು. ಅತ್ತ ನೋಡಿದರೆ, ಇಪ್ಪತ್ತನೆಯ ಶತಮಾನದ ಅತ್ಯಂತ ಆಧುನಿಕರಲ್ಲೊಬ್ಬನೆಂದು ಹೆಸರಾದವನು, ಮರುಕವನ್ನೇ ಅರಿಯದ ಸಂಗೀತಗಾರನೆಂದು ದೂರಿಸಿಕೊಂಡವನು, ಆನಂದರಾಯರ ಪಕ್ಕದಲ್ಲಿಯೇ ಬಂದು ಕುಳಿತಿದ್ದಾನೆ.

ಅಂತ್ಯವನ್ನು ಅವನು ತಾನಾಗಿಯೇ ಬದಲಾಯಿಸಿದನು. ಆ ಕೊನೆಯ ಭಾಗದಲ್ಲಿ ನಿಜವಾದ ಸಂತೋಷವೇ ಇಲ್ಲವಲ್ಲ ಎಂದು ಯಾರೋ ಅವನಿಗೆ ಹೇಳಿದರಂತೆ. ಆ ಮಾತು ಅವನಿಗೆ ನಾಟಿತು. ನೃತ್ಯ ಹೊಂದಿಸುವವರನ್ನು ವಿಚಾರಿಸಿದಾಗ, ಸಾವನ್ನೂ ಕುಣಿದು ತೋರಿಸಬಹುದೆಂದು ಅವರು ಹೇಳಿದರು. ಅವನು ಮತ್ತೆ ಕುಳಿತು ಬರೆದನು. ನಾಟಕವನ್ನು ಕೆಡಿಸಿದ್ದಾನೆಂಬ ಕೂಗೂ ಅಷ್ಟರಲ್ಲಿ ಎದ್ದಿದ್ದಿತೆಂಬುದನ್ನು ಮರೆಯತಕ್ಕದ್ದಲ್ಲ.

ಕಾಲವೂ ಕೆಟ್ಟದ್ದಾಗಿತ್ತು. ೧೯೩೬ರ ಜನವರಿಯಲ್ಲಿ ‘ಪ್ರಾವ್ದಾ’ ಪತ್ರಿಕೆ ಷೊಸ್ತಕೋವಿಚನ ಗೀತನಾಟಕವನ್ನು ಖಂಡಿಸಿತು. ಫೆಬ್ರುವರಿಯಲ್ಲಿ ಅವನ ಬ್ಯಾಲೆಯೊಂದಕ್ಕೂ ಅದೇ ಗತಿಯಾಯಿತು. ಆ ಬ್ಯಾಲೆಯ ಕತೆಯನ್ನು ಹೆಣೆದವರಲ್ಲಿ ಪಿಯೋಟ್ರೋವ್‌ಸ್ಕಿಯೂ ಒಬ್ಬನಾಗಿದ್ದನು. ಮರುವರುಷ ಅವನನ್ನು ಸೆರೆಹಿಡಿದು ಕೊಂದರು. ಇಂಥ ದಿನಗಳಲ್ಲಿ ಹೊಸ ಬ್ಯಾಲೆಯನ್ನು ಯಾರು ಮುಟ್ಟುವರು? ಪ್ರೊಕೋಫಿಯೆವನು ಕೃತಿಯಿಂದ ಎರಡು ಗುಚ್ಛಗಳನ್ನು ಕಟ್ಟಿ ೧೯೩೬ರಲ್ಲಿಯೂ ೧೯೩೭ರಲ್ಲಿಯೂ ವಾದ್ಯಗೋಷ್ಠಿಗಳಿಗೆ ಕೊಟ್ಟನು. ಪಿಯಾನೋವಿಗೆ ಹತ್ತು ತುಣುಕುಗಳನ್ನೂ ಮಾಡಿದನು. ಕಾಲಿಗಾಗಿ ಹುಟ್ಟಿದ ಸಂಗೀತವು ಹೀಗೆ ಕಾಲಿಲ್ಲದೆಯೇ ಊರೂರು ಸುತ್ತಿತು. ನನ್ನ ತಟ್ಟೆಯ ಮೂಲಪುರುಷ ಈ ಎರಡನೆಯ ಗುಚ್ಛವೇ. ಮೊದಲ ನೃತ್ಯಪ್ರಯೋಗವು ರಷ್ಯದಲ್ಲಿ ಆಗದೆ, ಚೆಕ್ ದೇಶದ ಬರ್ನೋ ನಗರದಲ್ಲಿ ೧೯೩೮ರ ಡಿಸೆಂಬರ್ ೩೦ರಂದು ನಡೆಯಿತು. ಪ್ಸೋತಾ ಎಂಬವನು ನೃತ್ಯವನ್ನು ಹೊಂದಿಸಿ ತಾನೇ ರೋಮಿಯೋ ಆಗಿ ಕುಣಿದನು. ಕರ್ತನು ಅದನ್ನು ನೋಡಲಿಲ್ಲ. ಮುಂದಿನ ಮಾರ್ಚಿಯಲ್ಲಿ ಜರ್ಮನರ ಸೇನೆ ಆ ನಗರವನ್ನು ಹೊಕ್ಕಿತು.

ಲೆನಿನ್‌ಗ್ರಾಡಿನಲ್ಲಿ ಕಿರೋವ್ ಮಂದಿರದವರು ೧೯೪೦ರ ಜನವರಿ ೧೧ರಂದು ಆಡಿದ ಪ್ರಯೋಗದಿಂದ ಇದಕ್ಕೆ ನೃತ್ಯಲೋಕದಲ್ಲಿ ಆಯುಷ್ಯ ಬಂದಿತು. ಲಾವ್ರೋವ್‌ಸ್ಕಿ ನೃತ್ಯವನ್ನು ರಚಿಸಿದನು. ಗಲೀನಾ ಉಲನೋವಾ ಜೂಲಿಯೆಟ್, ಕಾನ್‌ಸ್ಟಾಂಟಿನ್ ಸೆರ್ಗೆಯೆವ್ ರೋಮಿಯೋ. ಅಭ್ಯಾಸದ ದಿನಗಳು ಸುಖದವಾಗಿರಲಿಲ್ಲ. ಚೈಕೋವ್‌ಸ್ಕಿಯ ತುಂಬುಹೊಳೆಯಂಥ ಸಂಗೀತಕ್ಕೆ ಪಳಗಿದ ಕಾಲುಗಳಿಗೆ ಈ ತೆಳುವಾದ, ಎಲ್ಲೆಂದರಲ್ಲಿ ತಿರುಗುವ, ಎಣಿಸಲು ತೊಡಕಾದ ಸ್ವರಗಳು ಹಿಡಿತಕ್ಕೆ ಸಿಗಲಿಲ್ಲ. ವಾದಕರೂ ಮುನಿದಿದ್ದರು. ಮೂರನೆಯ ಅಂಕದ ಶಯ್ಯಾಗೃಹದ ದೃಶ್ಯದಲ್ಲಿ ಮಂಚವಿದ್ದುದು ರಂಗದ ಹಿಂದುಗಡೆ. ಅಲ್ಲಿಗೆ ವಾದ್ಯಗಳೇ ಕೇಳಿಸುತ್ತಿರಲಿಲ್ಲ. ನರ್ತಕರು ಹಾಗೆಂದು ದೂರಲು ಪ್ರೊಕೋಫಿಯೆವನು ಕನಲಿ, ನಿಮಗೆ ಬೇಕಾದುದು ಸಂಗೀತವಲ್ಲ, ಡೋಲು ಎಂಬ ಅರ್ಥದ ಮಾತನ್ನಾಡಿದನು. ಅವರು ಕೋಪಗೊಳ್ಳದೆ, ಬಂದು ಇಲ್ಲಿ ಕುಳಿತು ನೋಡಿ ಎಂದರು. ಅವನು ರಂಗವನ್ನೇರಿ ಮಂಚದ ಮೇಲೆ ಕುಳಿತು ಇಡೀ ದೃಶ್ಯವನ್ನು ಆಲಿಸಿ, ಒಂದು ಮಾತನ್ನೂ ಆಡದೆ ಇದ್ದು, ಹೊರಡುವಾಗ ಇಲ್ಲಿ ತಿದ್ದಿ ಬರೆದುಕೊಡುವೆನೆಂದನು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಪ್ರೀತಿಯುಂಟಾಗುತ್ತದೆ. ಎಷ್ಟು ಮಂದಿ ಕರ್ತರು ತಮ್ಮ ಕೃತಿಯನ್ನು ಅದು ಕೇಳಿಸದ ಜಾಗದಿಂದ ಕೇಳಲು ಹೋಗಿದ್ದಾರೆ?

ಆದರೆ ಎಲ್ಲ ತಿದ್ದುಗಳೂ ಇಷ್ಟು ನಯವಾಗಿ ಆದವಲ್ಲ. ವಾದ್ಯಗಳನ್ನು ದಪ್ಪಗೊಳಿಸಬೇಕಾಯಿತು, ಕೆಲವು ಭಾಗಗಳನ್ನು ಎರಡೆರಡು ಸಲ ನುಡಿಸುವಂತಾಯಿತು. ಮೊದಲ ಅಂಕಕ್ಕೆ ಇನ್ನೊಂದು ಕುಣಿತ ಬೇಕೆಂದು ಲಾವ್ರೋವ್‌ಸ್ಕಿಯು ಹಟಹಿಡಿದು, ಕರ್ತನ ಎರಡನೆಯ ಪಿಯಾನೋ ಸೊನಾಟದ ಒಂದು ಭಾಗವನ್ನೇ ಎತ್ತಿಕೊಂಡನು. ಪ್ರೊಕೋಫಿಯೆವನು ಮೊದಲು ಸಿಡಿದುಬಿದ್ದು ಆಮೇಲೆ ಅದನ್ನು ವಾದ್ಯವೃಂದಕ್ಕೆ ಅಳವಡಿಸಿಕೊಟ್ಟನು. ಮೊದಲ ದಿನದ ಆಟ ಗೆದ್ದ ಮೇಲೆ ನಡೆದ ಔತಣದಲ್ಲಿ ಉಲನೋವಾ, ಷೇಕ್ಸ್‌ಪಿಯರನ ಕೊನೆಯ ಸಾಲುಗಳನ್ನೇ ತಿರುಚಿ, ಈ ಸಂಗೀತದಷ್ಟು ದುಃಖದ ಕತೆ ಬೇರೊಂದಿಲ್ಲವೆಂಬಂತೆ ಹಾಸ್ಯಮಾಡಿದಳು. ಆಗ ಎಲ್ಲರೂ ನಗಬಹುದಾಗಿದ್ದಿತು.

ನಾನಾದರೋ ಈ ಕತೆಯನ್ನು ತಿಳಿದಂದಿನಿಂದ ಕರ್ತನ ಕಡೆಯವನೇ ಆಗಿದ್ದೆನು. ಎಳೆಯೆಳೆಯಾಗಿ ನೆಯ್ದುದನ್ನು ನರ್ತಕರ ಕಿವಿ ಮಂದವೆಂದು ದಪ್ಪಗೊಳಿಸುವುದೆ? ಮಿತ್ರರು ಇದಕ್ಕೆ, “ಕಾಲು ಹಿಡಿಯದ ನಡೆಯನ್ನು ನುಡಿಸಿದವನು ನಟುವಾಂಗದವನ ಕೈಯಲ್ಲಿ ಬೈಗಳನ್ನು ತಿನ್ನುವನು, ಅದರಲ್ಲಿ ಅವಮಾನವೇನು?” ಎನ್ನುವರು. ನನಗೆ ಆ ಉತ್ತರ ಸಾಲದು. ಉಲನೋವಾ ನರ್ತಿಸಿದ ೧೯೫೪ರ ಚಲಚ್ಚಿತ್ರವನ್ನು ಅವರೇ ಎಲ್ಲಿಂದಲೋ ಸಂಪಾದಿಸಿ ತಂದು ತೋರಿಸಿದರು. ಮದುವೆಗೆ ತಂದೆ ಬಲವಂತಪಡಿಸಿದ ಮೇಲೆ ಜೂಲಿಯೆಟ್ ಪಾದ್ರಿಯ ಗುಡಿಸಿಲಿಗೆ ಧಾವಿಸುತ್ತಾಳಷ್ಟೆ. ಅಲ್ಲಿ ಉಲನೋವಾ ಮೇಲುವಸ್ತ್ರವೊಂದನ್ನು ಸುತ್ತಿಕೊಂಡು ರಂಗದ ಉದ್ದಕ್ಕೂ ಓಡುತ್ತಾಳೆ. ಹೆಜ್ಜೆಗಾರಿಕೆಯೇನೂ ಇಲ್ಲ, ಬರಿಯ ಓಟ. ವಸ್ತ್ರವು ಹಿಂದೆ ಹಾರುತ್ತದೆ. ಲಂಡನ್ನಿನವರು ೧೯೫೬ರಲ್ಲಿ ಬೊಲ್ಷೋಯ್ ತಂಡದೊಡನೆ ಬಂದ ಅವಳನ್ನು ಕಂಡಾಗ ಅವಳ ವಯಸ್ಸು ೪೬. ಆ ಓಟವನ್ನು ಕಂಡವರು ಮರೆಯಲಿಲ್ಲವಂತೆ. ನನಗೂ ಅದು ಚೆನ್ನೆನಿಸಿತು. ಆದರೂ ವಾದವನ್ನು ನಾನು ಬಿಟ್ಟುಕೊಡಲಿಲ್ಲ.

ಬಿಟ್ಟುಕೊಟ್ಟದ್ದು ಕೆನೆತ್ ಮ್ಯಾಕ್‌ಮಿಲನನ ನೃತ್ಯರಚನೆಯನ್ನು ನೋಡಿದ ಮೇಲೆ. ಅದು ೧೯೬೫ರ ಫೆಬ್ರುವರಿಯಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ ಫಾಂಟೇನ್, ನುರೆಯೆವ್ ಇವರಿಂದ ಮೊದಲು ಆಡಲ್ಪಟ್ಟಿತು. ನಾನು ಕಂಡದ್ದು ಅದೇ ತಂಡದ ಮುಂದಿನ ತಲೆಮಾರಿನವರು ಕುಣಿದುದರ ಚಿತ್ರ. ಕತೆಯ ಅದೇ ಸಂಧಿಯಲ್ಲಿ, ಉಲನೋವಾ ಓಡುವುದಕ್ಕೆ ಮುಂಚಿನ ಕ್ಷಣದಲ್ಲಿ, ಮ್ಯಾಕ್‌ಮಿಲನನ ಜೂಲಿಯೆಟ್ ಮಂಚದ ತುದಿಯಲ್ಲಿ ಸಭೆಗೆ ಮುಖಮಾಡಿ ಕುಳಿತುಬಿಡುತ್ತಾಳೆ. ವಾದ್ಯವೃಂದವೆಲ್ಲ ಉಕ್ಕಿ ಏರುತ್ತದೆ. ಅವಳು ಬೆರಳನ್ನೂ ಅಲುಗಿಸುವುದಿಲ್ಲ.

ನನ್ನ ತಂಗಿ ತೀರಿಕೊಂಡ ದಿನ ನಮ್ಮ ತಾಯಿ ಹಾಗೆಯೇ ಕುಳಿತಿದ್ದಳು. ಮಂಚದ ಅಂಚಿನಲ್ಲಿ, ಕಾಲುಗಳನ್ನು ನೆಲಕ್ಕೂರಿ, ಕೈಗಳನ್ನು ಮಡಿಲಲ್ಲಿಟ್ಟು. ಮನೆಯ ತುಂಬ ಜನ; ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಟ; ಯಾರದೋ ಅಳು, ಯಾರದೋ ಗದರಿಕೆ. “ಅತ್ತುಬಿಡಮ್ಮ, ಎದೆ ಒಡೆದೀತು” ಎಂದು ನೆರೆಮನೆಯ ಅಜ್ಜಿ ಹೇಳುತ್ತಿದ್ದರು. ತಾಯಿ ಅಳಲಿಲ್ಲ, ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ತಾನಾಗಿ ಎದ್ದು ಹಿತ್ತಲಿಗೆ ಹೋಗಿ, ತಂಗಿ ಹಿಂದಿನ ದಿನ ಒಗೆದು ಹರವಿದ್ದ ಸೀರೆಯನ್ನು ತಂದು ಮಡಿಸತೊಡಗಿದಳು. ನನಗಾಗ ಹತ್ತೊಂಬತ್ತು ವರುಷ. ಆ ಮಧ್ಯಾಹ್ನವನ್ನು ನಾನು ಯಾರಿಗೂ ವಿವರಿಸಿದವನಲ್ಲ. ವಿವರಿಸುವ ಮಾತು ನನಗೆ ತಿಳಿದಿರಲಿಲ್ಲ. ಪರದೆಯ ಮೇಲೆ ಆ ಹುಡುಗಿ ಕುಳಿತಿರುವುದನ್ನು ಕಂಡು ನಾನು ಮಿತ್ರರ ಎದುರಿಗೆ ನಾಚಿಕೆಯಿಲ್ಲದೆ ಅತ್ತೆನು.

ತಟ್ಟೆಯಲ್ಲಿ ಆ ಉಬ್ಬರವನ್ನು ಕೇಳುವಾಗಲೆಲ್ಲ ನಾನು ಅದರೊಡನೆ ಏರಿಹೋಗುತ್ತಿದ್ದೆನು. ದುಃಖವು ಒಂದು ಬಗೆಯ ಸುಖವಾಗುತ್ತಿದ್ದಿತು. ಅಲುಗದ ಒಂದು ದೇಹವನ್ನು ಅದರ ಮುಂದಿರಿಸಿದ ಕೂಡಲೆ, ಏರುತ್ತಿರುವುದೆಲ್ಲ ಅವಳ ಒಳಗಿನದೆಂದೂ, ಅದಕ್ಕೆ ಹೊರಬರುವ ದಾರಿಯಿಲ್ಲವೆಂದೂ ತಿಳಿಯಿತು. ಪ್ರೊಕೋಫಿಯೆವನು ಬರೆದುದೇ ಅದು. ಆದರೆ ಕಿವಿಯೊಂದರಿಂದ ನಾನು ಅದನ್ನು ಕೇಳಿರಲಿಲ್ಲ. ಮಿತ್ರರು ನಡೆಯ ಮಾತನ್ನಾಡುತ್ತಿದ್ದರು, ನಾನು ಸ್ವರದ ಮಾತನ್ನು. ಇಲ್ಲಿ ಕಾಲೇ ಕದಲದಿರುವುದು ಉತ್ತರವಾಯಿತು.

ಗೋರಿಯ ದೃಶ್ಯವೂ ಅವನಲ್ಲಿ ಹೀಗೆಯೇ. ಮಡಿದವರು ಕುಣಿಯಲಾರರೆಂಬ ಪ್ರೊಕೋಫಿಯೆವನ ಮೊದಲ ಸಂದೇಹಕ್ಕೆ ಮ್ಯಾಕ್‌ಮಿಲನನು ನೇರವಾಗಿಯೇ ಎದುರುನಿಂತಿದ್ದಾನೆ. ರೋಮಿಯೋ ಸತ್ತಳೆಂದು ತಿಳಿದ ಜೂಲಿಯೆಟಳನ್ನು ಎತ್ತಿಕೊಂಡು ಕುಣಿಯುತ್ತಾನೆ. ಉಪ್ಪರಿಗೆಯ ಕೆಳಗೆ ಬೆಳುದಿಂಗಳಲ್ಲಿ ಅವಳನ್ನು ಎತ್ತಿದ್ದ ಬಗೆಯಲ್ಲಿಯೇ ಎತ್ತಲು ನೋಡುತ್ತಾನೆ. ಅವಳ ತೋಳು ಜೋತು ಬೀಳುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ಕಾಲುಗಳು ನೆಲವನ್ನು ಎಳೆಯುತ್ತವೆ. ಅಂದು ಅವಳಾಗಿ ಹಾರಿದ್ದುದರಿಂದ ಹಗುರವಾಗಿದ್ದ ಹೆಣ್ಣು ಇಂದು ಭಾರ. ಹೆಣವನ್ನು ಹೊತ್ತವರಿಗೆ ಆ ಭಾರ ಗೊತ್ತು. ನರ್ತಕಿಯ ಕೆಲಸವೂ ಸುಲಭದ್ದಲ್ಲ: ಒಂದು ಸ್ನಾಯುವನ್ನೂ ಬಿಗಿದಂತೆ ಕಾಣಿಸದೆ ತನ್ನನ್ನು ಪೆಟ್ಟಾಗದಂತೆ ಕಾಪಾಡಿಕೊಳ್ಳಬೇಕು. ಕೊನೆಗೆ ಅವಳು ಎಚ್ಚತ್ತು, ಕಂಡು, ಇರಿದುಕೊಂಡು, ಅವನ ಕಡೆಗೆ ಕೈಚಾಚಿ ಸಾಯುತ್ತಾಳೆ. ಲಾವ್ರೋವ್‌ಸ್ಕಿಯು ಉಳಿಸಿಕೊಂಡಿದ್ದ ಮನೆತನಗಳ ರಾಜಿಯೂ ಇಲ್ಲಿಲ್ಲ.

ಪ್ರೊಕೋಫಿಯೆವನು ಇದನ್ನು ಕಾಣಲಿಲ್ಲ. ೧೯೪೮ರಲ್ಲಿ ಸರಕಾರವು ಅವನ ಸಂಗೀತವನ್ನು ಬಹಿರಂಗವಾಗಿ ದೂಷಿಸಿದ್ದಿತು. ಅವನು ೧೯೫೩ರ ಮಾರ್ಚಿ ೫ರ ಸಂಜೆ, ಸ್ಟಾಲಿನ್ ಸತ್ತ ದಿನವೇ, ತೀರಿಕೊಂಡನು. ಮಾಸ್ಕೋವಿನ ಹೂವುಗಳೆಲ್ಲ ಆ ಇನ್ನೊಬ್ಬನಿಗೆ ಹೋಗಿದ್ದುವು.

ಅವನ ಮೊದಲ ಪ್ರತಿಯನ್ನು ಸೈಮನ್ ಮಾರಿಸನ್ ಎಂಬ ಅಮೇರಿಕದ ವಿದ್ವಾಂಸನು ಮಾಸ್ಕೋವಿನ ಕಡತಗಳಲ್ಲಿ ಹುಡುಕಿ ತೆಗೆದನು. ಮಾರ್ಕ್ ಮಾರಿಸನ ತಂಡದವರು ಅದನ್ನು ೨೦೦೮ರ ಜುಲೈಯಲ್ಲಿ ನ್ಯೂಯಾರ್ಕ್ ಪ್ರಾಂತದ ಬಾರ್ಡ್ ಕಾಲೇಜಿನಲ್ಲಿ ಕುಣಿದರು. ಅಲ್ಲಿ ಪ್ರೇಮಿಗಳು ಸಾಯದೆ ತಾರೆಗಳ ನಡುವೆ ನರ್ತಿಸುತ್ತ ಉಳಿಯುತ್ತಾರೆ. ಅದು ಹೆಚ್ಚಾಗಿ ಹಬ್ಬಲಿಲ್ಲ. ಎಪ್ಪತ್ತು ವರುಷ ಸಾವಿಗೆ ಒಗ್ಗಿಹೋದ ಸಭೆಗಳಿಗೆ ಬದುಕು ಹಿಡಿಸಲಿಲ್ಲವೋ ಏನೋ. ನನಗೂ ಮ್ಯಾಕ್‌ಮಿಲನನ ಗೋರಿಯೇ ಸರಿಯಾದ ಅಂತ್ಯವೆಂದು ತೋರುತ್ತದೆ. ಆದರೆ ಆನಂದರಾಯರನ್ನು ನೋಡಿ ನಗುವುದನ್ನು ಬಿಟ್ಟಿದ್ದೇನೆ. ನಮ್ಮ ತಾಯಿಗೆ ಒಂದು ನಿಮಿಷ ಮುಂಚಿತವಾಗಿ ಬರುವ ಅವಕಾಶವನ್ನು ಯಾವನಾದರೊಬ್ಬ ಕವಿ ಕೊಟ್ಟಿದ್ದರೆ, ಅಭಿರುಚಿಯ ಹೆಸರೆತ್ತಿ ಅವಳು ಬೇಡವೆನ್ನುತ್ತಿದ್ದಳೆ?

ಬಳಕೆಯಿಲ್ಲದೆ ಉಳಿದ ಆ ಸಂತೋಷದ ಸಂಗೀತದಲ್ಲಿ ಒಂದಿಷ್ಟನ್ನು ಪ್ರೊಕೋಫಿಯೆವನು ತನ್ನ ಐದನೆಯ ಸಿಂಫನಿಯ ಎರಡನೆಯ ಭಾಗಕ್ಕೆ ಎತ್ತಿಕೊಂಡನು. ೧೯೪೫ರ ಜನವರಿ ೧೩ರಂದು ಮಾಸ್ಕೋವಿನಲ್ಲಿ ಅವನೇ ಅದನ್ನು ನಡೆಸಿದಾಗ, ಯುದ್ಧರಂಗದಲ್ಲಿ ಗೆಲ್ಲುತ್ತಿದ್ದ ಸೇನೆಯ ಗೌರವಕ್ಕಾಗಿ ಹಾರಿಸಿದ ತೋಪುಗಳು ಮುಗಿಯುವವರೆಗೆ ಕೈಯನ್ನೆತ್ತದೆ ಕಾದಿದ್ದನಂತೆ. ಮೊನ್ನೆ ಆ ಭಾಗವನ್ನು ಮಿತ್ರರಿಗೆ ಕೇಳಿಸಿದೆನು. ಪಿಟೀಲುಗಳು ಟಕಟಕನೆ ಓಡುವುವು, ಕ್ಲಾರಿನೆಟ್ಟು ಅವುಗಳ ಮೇಲೆ ಜಿಗಿಯುವುದು. ಅವರು, “ಇದಕ್ಕೆ ಕುಣಿಯಬೇಕಾಗಿದ್ದವರು ಯಾರು?” ಎಂದು ಕೇಳಿದರು. ಹೇಳಿದೆನು. ಅವರು ಮರುಮಾತಾಡದೆ, ಅದು ಮುಗಿಯುವವರೆಗೂ ಕುರ್ಚಿಯ ತೋಳಿನ ಮೇಲೆ ಎರಡು ಬೆರಳುಗಳಿಂದ ತಾಳವನ್ನು ಹಾಕುತ್ತ ಕುಳಿತಿದ್ದರು.